ವ್ಯಾಪಾರ ಮಾಡುವ ಯಂತ್ರವೂ ನಮ್ಮ ವಿದ್ಯಾರ್ಥಿಗಳೂ

ಕಳೆದ ವರ್ಷ ಒಂದು ಸಂಜೆ, ಪ್ರಯೋಗಶಾಲೆಗೆ ಬೀಗ ಹಾಕುವ ಹೊತ್ತಿಗೆ, ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಬಂದನು. ವರ್ಷದ ಶುಲ್ಕಕ್ಕೆಂದು ಮನೆಯವರು ಕೊಟ್ಟಿದ್ದ 18,000 ರೂಪಾಯಿಗಳನ್ನು ಅವನು ಕ್ರಿಪ್ಟೋ ನಾಣ್ಯಗಳ ವ್ಯಾಪಾರದಲ್ಲಿ ತೊಡಗಿಸಿದ್ದನು. ವ್ಯಾಪಾರ ಮಾಡುತ್ತಿದ್ದವನು ಅವನಲ್ಲ, ಒಂದು ತಂತ್ರಾಂಶ. ಬಾಡಿಗೆಗೆ ಪಡೆದ ದೂರದ ಸರ್ವರೊಂದರಲ್ಲಿ ಅದನ್ನು ನೆಲೆಗೊಳಿಸಿ, ಮೂರು ನಾಣ್ಯಗಳಿಗೆ ಹಣವನ್ನು ಹಂಚಿ, ಅವನು ನಿಶ್ಚಿಂತೆಯಿಂದ ಮಲಗಿದ್ದನು. ಬೆಳಗ್ಗೆ ಎದ್ದು ನೋಡಿದಾಗ ಮೂರರಲ್ಲಿಯೂ ನಷ್ಟವಾಗಿ ಸುಮಾರು 1,800 ರೂಪಾಯಿ ಕರಗಿಹೋಗಿತ್ತು. “ಸಾರ್, ಹೆಚ್ಚೆಂದರೆ 18 ರೂಪಾಯಿ ಹೋಗಬೇಕಾಗಿತ್ತು. ಯಂತ್ರ ತಪ್ಪು ಮಾಡಿದೆ” ಎಂದು ಅವನು ಹೇಳಿದನು.

ನಾವು ಆ ತಂತ್ರಾಂಶದ ಕಾನ್ಫಿಗ್ ಕಡತವನ್ನು ತೆರೆದು ನೋಡಿದೆವು. ನಷ್ಟದ ಮಿತಿಯನ್ನು ನಿಗದಿಪಡಿಸುವ ಸಾಲಿನಲ್ಲಿ ಋಣ ಚಿಹ್ನೆಯೊಡನೆ 0.10 ಎಂದು ಬರೆದಿತ್ತು. ವಿದ್ಯಾರ್ಥಿ ಅದನ್ನು ‘ನೂರಕ್ಕೆ 0.10’ ಎಂದು ಓದಿಕೊಂಡಿದ್ದನು. ಯಂತ್ರವಾದರೋ ಅದನ್ನು ಅನುಪಾತವೆಂದು, ಎಂದರೆ ನೂರಕ್ಕೆ 10 ಎಂದು ಓದುತ್ತದೆ. ಎರಡಕ್ಕೂ ನಡುವೆ ನೂರು ಪಟ್ಟು ಅಂತರ. ಯಂತ್ರ ತಪ್ಪು ಮಾಡಿರಲಿಲ್ಲ. ತನಗೆ ಹೇಳಿದುದನ್ನು ಅಕ್ಷರಶಃ ಪಾಲಿಸಿತ್ತು. ಪ್ರಯೋಗದ ದಾಖಲೆಯಲ್ಲಿ ಏಕಮಾನವನ್ನು ಬರೆಯದ ವಿದ್ಯಾರ್ಥಿಗೆ ನಾವು ಅರ್ಧ ಅಂಕವನ್ನು ಕಳೆಯುತ್ತೇವೆ. ಅದೇ ತಪ್ಪಿಗೆ ಈ ಹುಡುಗ 1,800 ರೂಪಾಯಿ ತೆತ್ತಿದ್ದನು.

ಈ ಪ್ರಸಂಗವೇ ಪ್ರಸ್ತುತ ಲೇಖನಕ್ಕೆ ಕಾರಣ. ಕ್ರಿಪ್ಟೋ ನಾಣ್ಯಗಳು ಒಳ್ಳೆಯವೇ ಕೆಟ್ಟವೇ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತಿಕೊಳ್ಳುವುದಿಲ್ಲ. ವ್ಯಾಪಾರ ಮಾಡುವ ತಂತ್ರಾಂಶವನ್ನು ಹೊಂದಿಸುವುದೆಂದರೆ ಒಂದು ಅಳತೆಯ ಉಪಕರಣವನ್ನು ಹೊಂದಿಸುವುದೇ ಆಗಿದೆ. ಆದುದರಿಂದ ಅಳತೆಯ ಶಿಸ್ತು ಮೊದಲು, ಹಣ ಆಮೇಲೆ. ವಿದ್ಯಾರ್ಥಿಯ ಮಟ್ಟಿಗಂತೂ ಹಣವೇ ಬೇಡ. ನಾವು ಹೇಳಬೇಕೆಂದಿರುವುದು ಇಷ್ಟೇ.

ಈ ಯಂತ್ರದ ಕೆಲಸವೇನೆಂಬುದನ್ನು ಮೊದಲು ತಿಳಿಯೋಣ. ಬಿಟ್‌ಕಾಯಿನ್ ಎಂಬ ಮೊದಲ ಕ್ರಿಪ್ಟೋ ನಾಣ್ಯವು 2009ರ ಜನವರಿಯಲ್ಲಿ ಚಲಾವಣೆಗೆ ಬಂದಿತು. ಅದರ ಹಿಂದೆಯೇ ಸಾವಿರಾರು ನಾಣ್ಯಗಳು ಹುಟ್ಟಿಕೊಂಡವು. ಷೇರುಪೇಟೆಗೆ ತೆರೆಯುವ ಹೊತ್ತೂ ಮುಚ್ಚುವ ಹೊತ್ತೂ ಉಂಟು. ಈ ನಾಣ್ಯಗಳ ಪೇಟೆಯಾದರೋ ಹಗಲಿರುಳೂ, ಭಾನುವಾರವೂ ತೆರೆದಿರುತ್ತದೆ. ಮನುಷ್ಯನಿಗೆ ನಿದ್ರೆ ಬೇಕು, ಯಂತ್ರಕ್ಕೆ ಬೇಡ. ಆದಕಾರಣ ಕೊಳ್ಳುವ ಮಾರುವ ಕೆಲಸವನ್ನು ತಂತ್ರಾಂಶಕ್ಕೆ ವಹಿಸುವ ರೂಢಿ ಬೆಳೆಯಿತು. ಇಂತಹ ತಂತ್ರಾಂಶಕ್ಕೆ ಬಳಕೆಯಲ್ಲಿ ‘ಬಾಟ್’ ಎಂದು ಹೆಸರು. ಅದು ನಾಣ್ಯಗಳ ವಿನಿಮಯ ಕೇಂದ್ರದಿಂದ ಬೆಲೆಯನ್ನು ಕೇಳಿ ತಿಳಿಯುತ್ತದೆ. ನಾವು ಕೊಟ್ಟ ನಿಯಮದೊಡನೆ ಹೋಲಿಸಿ ನೋಡುತ್ತದೆ. ನಿಯಮಕ್ಕೆ ಸರಿಹೊಂದಿದರೆ ಕೊಳ್ಳುವ ಇಲ್ಲವೆ ಮಾರುವ ಆದೇಶವನ್ನು ಕಳುಹಿಸುತ್ತದೆ. ಕೆಲವು ಸೆಕೆಂಡುಗಳ ಬಳಿಕ ಮತ್ತೆ ಮೊದಲಿನಿಂದ ಆರಂಭ. ಇದಕ್ಕಿಂತ ಹೆಚ್ಚಿನ ಬುದ್ಧಿ ಅದಕ್ಕೆ ಸ್ವಭಾವತಃ ಇಲ್ಲ.

ಇಂತಹವುಗಳಲ್ಲಿ ಉಚಿತವಾಗಿ ದೊರೆಯುವ, ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದಾದ ತಂತ್ರಾಂಶವೊಂದು ಫ್ರೆಕ್‌ಟ್ರೇಡ್. ಪೈಥಾನ್ ಭಾಷೆಯಲ್ಲಿ ಬರೆಯಲ್ಪಟ್ಟ ಇದನ್ನೇ ನಾವು ಉದಾಹರಣೆಯಾಗಿ ಇಟ್ಟುಕೊಳ್ಳುವೆವು. ಇದರ ಕಾನ್ಫಿಗ್ ಕಡತವು ಸಾಮಾನ್ಯ ಪಠ್ಯದ ಕಡತವೇ. ಒಂದು ವ್ಯಾಪಾರಕ್ಕೆ ಎಷ್ಟು ಹಣ, ಒಮ್ಮೆಗೆ ಎಷ್ಟು ವ್ಯಾಪಾರಗಳು ತೆರೆದಿರಬಹುದು, ಯಾವ ಯಾವ ನಾಣ್ಯಗಳು, ಎಷ್ಟು ನಷ್ಟವಾದರೆ ಮಾರಿಬಿಡಬೇಕು ಮೊದಲಾದ ವಿಷಯಗಳು ಅದರಲ್ಲಿ ಒಂದೊಂದು ಸಾಲಾಗಿ ಇರುತ್ತವೆ. ತೆರೆದಿರಬಹುದಾದ ವ್ಯಾಪಾರಗಳ ಸಂಖ್ಯೆಯ ಸಾಲಿನಲ್ಲಿ ಋಣ 1 ಎಂದು ಬರೆದರೆ ಅದರ ಅರ್ಥ ‘ಮಿತಿಯಿಲ್ಲ’ ಎಂದು! ಗಣಿತದ ರೂಢಿಯಿಂದ ಇದನ್ನು ಊಹಿಸುವವರು ಯಾರು? ಕೈಪಿಡಿಯನ್ನು ಓದಿದವರಿಗೆ ಮಾತ್ರವೇ ಅದು ತಿಳಿಯುತ್ತದೆ. ಬೇರೊಬ್ಬರು ಹಂಚಿದ ‘ಸಿದ್ಧ ಕಡತ’ವನ್ನು ಹಾಗೆಯೇ ನಕಲಿಸಿಕೊಂಡವರಿಗೆ ತಿಳಿಯುವುದಿಲ್ಲ.

ಭೌತಶಾಸ್ತ್ರದ ತರಗತಿಯಲ್ಲಿ ಮೊದಲ ದಿನ ಸ್ಕ್ರೂಗೇಜನ್ನು ಕೈಗೆ ಕೊಟ್ಟಾಗ ನಾವು ಏನು ಹೇಳುತ್ತೇವೆ? ತಂತಿಯ ವ್ಯಾಸವನ್ನು ಅಳೆಯುವ ಮೊದಲು ಉಪಕರಣದ ಶೂನ್ಯದೋಷವನ್ನು ಕಂಡುಹಿಡಿಯಿರಿ ಎನ್ನುತ್ತೇವೆ. ಈ ತಂತ್ರಾಂಶದಲ್ಲಿಯೂ ಶೂನ್ಯದೋಷಗಳು ಹಲವಾರು ಇವೆ. ಅವುಗಳಲ್ಲಿ ಕಾಲಕ್ಕೆ ಸಂಬಂಧಿಸಿದುದನ್ನು ನೋಡಿರಿ. ಈ ಪೇಟೆಗಳಲ್ಲಿ ದಿನದ ಲೆಕ್ಕವು ಸಾಮಾನ್ಯವಾಗಿ ಜಾಗತಿಕ ಪ್ರಮಾಣಕಾಲದ ನಡುರಾತ್ರಿಗೆ ಮುಗಿಯುತ್ತದೆ. ನಮ್ಮ ಗಡಿಯಾರದಲ್ಲಿ ಅದು ಬೆಳಗಿನ 5 ಗಂಟೆ 30 ನಿಮಿಷ. ‘ಇಂದಿನ ಬೆಲೆ’ ಎಂದು ನಿಯಮ ಬರೆದ ವಿದ್ಯಾರ್ಥಿಯ ಇಂದೂ ಯಂತ್ರದ ಇಂದೂ ಬೇರೆ ಬೇರೆ! ಇನ್ನೊಂದು ದೋಷವು ಗಡಿಯಾರದ್ದೇ. ಬೈನಾನ್ಸ್ ಎಂಬ ದೊಡ್ಡ ವಿನಿಮಯ ಕೇಂದ್ರವು ತನಗೆ ಬಂದ ಆದೇಶದ ಮೇಲಿನ ಕಾಲಮುದ್ರೆಯನ್ನು ಪರೀಕ್ಷಿಸುತ್ತದೆ. ಬೇರೆ ಮಿತಿಯನ್ನು ಹೇಳದಿದ್ದರೆ 5,000 ಮಿಲಿಸೆಕೆಂಡಿಗಿಂತ ಹಳೆಯದಾದ ಆದೇಶವನ್ನು ತಳ್ಳಿಹಾಕುತ್ತದೆ. ಸರ್ವರಿನ ಗಡಿಯಾರವು ಆರು ಸೆಕೆಂಡು ಹಿಂದೆ ಬಿದ್ದರೆ, ಬೆಲೆ ಕುಸಿಯುತ್ತಿರುವಾಗ ಮಾರಲೆಂದು ಯಂತ್ರ ಕಳುಹಿಸಿದ ಆದೇಶ ಅಂಗೀಕಾರವಾಗದು. ಆದುದರಿಂದಲೇ ಗಡಿಯಾರವನ್ನು ಜಾಲದ ಪ್ರಮಾಣಗಡಿಯಾರದೊಡನೆ ಸದಾ ಸರಿಹೊಂದಿಸಿಡಬೇಕೆಂದು ಫ್ರೆಕ್‌ಟ್ರೇಡಿನ ಕೈಪಿಡಿ ಎಚ್ಚರಿಸುತ್ತದೆ.

ದೂರದ ಸರ್ವರು ಏತಕ್ಕೆ ಎಂದು ವಾಚಕರು ಕೇಳಬಹುದು. ಮನೆಯಲ್ಲಿ ವಿದ್ಯುತ್ತು ಹೋಗುತ್ತದೆ, ಜಾಲಸಂಪರ್ಕ ಕಡಿಯುತ್ತದೆ. ಬಾಡಿಗೆಯ ಸರ್ವರಿನಲ್ಲಿ ಈ ತೊಂದರೆಗಳು ಕಡಿಮೆ. ಇದು ಸರಿಯಾದ ಕಾರಣ. ಆದರೆ ಹಲವರು ವೇಗಕ್ಕಾಗಿ ಅದನ್ನು ಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಟೋಕಿಯೋ ನಗರಕ್ಕೆ ನೇರ ದೂರ ಸುಮಾರು 6,700 ಕಿಲೋಮೀಟರ್. ಹೋಗಿಬರಲು 67 ಮಿಲಿಸೆಕೆಂಡು. ತಂತುಗಳು ಸುತ್ತುದಾರಿಯಲ್ಲಿ ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಐದು ನಿಮಿಷಕ್ಕೊಮ್ಮೆ ನಿರ್ಧಾರ ಮಾಡುವ ಯಂತ್ರಕ್ಕೆ ಈ ಕಾಲ ಲೆಕ್ಕಕ್ಕೇ ಬಾರದು. ಮಿಲಿಸೆಕೆಂಡುಗಳಿಗಾಗಿ ಹೋರಾಡುವ ದೊಡ್ಡ ಸಂಸ್ಥೆಗಳ ಎದುರಿಗಾದರೋ ಬಾಡಿಗೆಯ ಸಣ್ಣ ಸರ್ವರು ಗೆಲ್ಲಲಾರದು. ಹೀಗೆ ಎರಡು ಪಕ್ಷದಲ್ಲಿಯೂ ವೇಗಕ್ಕೆಂದು ಕೊಟ್ಟ ಹಣ ವ್ಯರ್ಥ.

ಸರ್ವರನ್ನು ಪಡೆಯುವುದು ಸುಲಭ, ಕಾಯುವುದು ಕಷ್ಟ. ಅದು ಲೋಕದ ಜಾಲಕ್ಕೆಲ್ಲ ತೆರೆದಿರುವ ಮನೆ. ಅದನ್ನು ದೂರದಿಂದ ನಿರ್ವಹಿಸಲು ಬಳಸುವ ಎಸ್‌ಎಸ್‌ಎಚ್ ಎಂಬ ವಿಧಾನವನ್ನು 1995ರಲ್ಲಿ ಫಿನ್‌ಲೆಂಡಿನ ಟಾಟು ಯ್ಲೋನೆನ್ ರೂಪಿಸಿದನು. ಗುಪ್ತಪದಕ್ಕೆ ಬದಲಾಗಿ ಕೀಲಿಜೋಡಿಯಿಂದ ಮಾತ್ರವೇ ಪ್ರವೇಶ ದೊರೆಯುವಂತೆ ಇದನ್ನು ಹೊಂದಿಸಬಹುದು, ಹೊಂದಿಸಲೇಬೇಕು. ಬಾಟನ್ನು ಬ್ರೌಸರಿನಿಂದ ನೋಡಲು ಇರುವ ನಿಯಂತ್ರಣ ಪುಟವನ್ನು ಆ ಸರ್ವರಿನ ಒಳಗಿನಿಂದ ಮಾತ್ರ ಕಾಣುವಂತೆ ಇಡಬೇಕೇ ಹೊರತು ಬೀದಿಗೆ ತೆರೆಯಬಾರದು.

ಇನ್ನು ಎಪಿಐ ಕೀಲಿಯ ವಿಷಯ. ನಮ್ಮ ಖಾತೆಯಲ್ಲಿ ವ್ಯಾಪಾರ ಮಾಡಲು ಬಾಟಿಗೆ ನಾವು ಕೊಡುವ ಅಧಿಕಾರಪತ್ರವೇ ಈ ಕೀಲಿ. ನೋಡುವ, ವ್ಯಾಪಾರ ಮಾಡುವ, ಹಣ ಹೊರತೆಗೆಯುವ ಅನುಮತಿಗಳನ್ನು ಅದರಲ್ಲಿ ಬೇರೆ ಬೇರೆಯಾಗಿ ಕೊಡಬಹುದು. ಹಣ ಹೊರತೆಗೆಯುವ ಅನುಮತಿಯನ್ನು ಎಂದಿಗೂ ಕೊಡಬಾರದೆಂಬುದು ಎಲ್ಲರೂ ಹೇಳುವ ಮಾತು. ಅಷ್ಟರಿಂದಲೇ ಕ್ಷೇಮವೆಂದು ತಿಳಿಯುವುದು ಮಾತ್ರ ಭ್ರಮೆ. 2018ರ ಮಾರ್ಚ್ 7ರಂದು ನಡೆದುದನ್ನು ನೋಡಿರಿ. ನಕಲಿ ಪುಟಗಳ ಮೂಲಕ ಬೈನಾನ್ಸ್ ಗ್ರಾಹಕರ ಗುಪ್ತಪದಗಳನ್ನು ಕದ್ದು, ಅವರ ಖಾತೆಗಳಲ್ಲಿ ವ್ಯಾಪಾರದ ಕೀಲಿಗಳನ್ನು ಮಾಡಿಟ್ಟುಕೊಂಡಿದ್ದ ಕಳ್ಳರು, ಎರಡು ನಿಮಿಷದೊಳಗೆ ಆ ಖಾತೆಗಳಿಂದ ವಯಾಕಾಯಿನ್ ಎಂಬ ಸಣ್ಣ ನಾಣ್ಯವನ್ನು ಸಿಕ್ಕಿದ ಬೆಲೆಗೆ ಕೊಳ್ಳಿಸಿದರು. ಅದರ ಬೆಲೆ ಗಗನಕ್ಕೇರಿತು. ತಾವು ಮೊದಲೇ ಕೊಂಡಿಟ್ಟಿದ್ದ ವಯಾಕಾಯಿನ್‌ಗಳನ್ನು ಆ ಎತ್ತರದಲ್ಲಿ ಮಾರಿದರು. ಕದ್ದ ಖಾತೆಗಳಿಂದ ಒಂದು ಕಾಸನ್ನೂ ಹೊರತೆಗೆಯದೆಯೇ ಮಾಡಹೊರಟ ಕಳವು ಇದು. ಕಳ್ಳರ ಖಾತೆಗಳಿಂದ ಹಣ ಹೊರಹೋಗುವುದನ್ನು ಆ ಕೇಂದ್ರ ತಡೆದುದರಿಂದ ಅವರ ಶ್ರಮ ಫಲಿಸಲಿಲ್ಲ. 2022ರ ಡಿಸೆಂಬರಿನಲ್ಲಿ, ಬಾಟುಗಳನ್ನು ನಡೆಸುವ ಸೇವೆಯಾದ ತ್ರೀಕಾಮಾಸ್ ಸಂಸ್ಥೆಯು ತನ್ನ ಬಳಕೆದಾರರ ಕೀಲಿಗಳು ಸೋರಿಹೋದುದನ್ನು ಒಪ್ಪಿಕೊಳ್ಳಬೇಕಾಯಿತು. ಕೀಲಿಯು ತನ್ನ ಸರ್ವರಿನ ವಿಳಾಸದಿಂದ ಬಂದಾಗ ಮಾತ್ರ ಕೆಲಸ ಮಾಡುವಂತೆ ಕಟ್ಟುಪಾಡು ಹಾಕಿದವನು ಇಂತಹ ಸೋರಿಕೆಯಿಂದ ಬಹುಮಟ್ಟಿಗೆ ಪಾರಾಗುತ್ತಾನೆ.

ನಷ್ಟದ ಮಿತಿಯನ್ನು ಸರಿಯಾದ ಏಕಮಾನದಲ್ಲಿಯೇ ಬರೆದೆವೆಂದು ಇಟ್ಟುಕೊಳ್ಳೋಣ. ಆಗಲಾದರೂ ನಾವು ಕ್ಷೇಮವೇ? ಬೆಲೆ ಒಂದು ಮಟ್ಟಕ್ಕೆ ಇಳಿದೊಡನೆ ಮಾರಿಬಿಡು ಎಂಬ ಆದೇಶಕ್ಕೆ ಸ್ಟಾಪ್‌ಲಾಸ್ ಎಂದು ಹೆಸರು. ಅದು ಹೊಲಕ್ಕೆ ಹಾಕಿದ ಬೇಲಿಯಂತೆ. 2017ರ ಜೂನ್ 21ರಂದು ಅಮೆರಿಕದ ಜಿಡ್ಯಾಕ್ಸ್ ವಿನಿಮಯ ಕೇಂದ್ರದಲ್ಲಿ ಯಾರೋ ಒಬ್ಬರು ಹಲವು ಮಿಲಿಯ ಡಾಲರ್ ಬೆಲೆಯ ಈಥರ್ ನಾಣ್ಯಗಳನ್ನು ಒಮ್ಮೆಗೇ ಮಾರಿದರು. ಬೆಲೆ ಸುಮಾರು 317 ಡಾಲರಿನಿಂದ 224ಕ್ಕೆ ಇಳಿಯಿತು. ಈ ಇಳಿತವು ಇತರರ ಸ್ಟಾಪ್‌ಲಾಸ್ ಆದೇಶಗಳನ್ನು ಎಬ್ಬಿಸಿತು. ಅವುಗಳ ಮಾರಾಟದಿಂದ ಬೆಲೆ ಇನ್ನೂ ಇಳಿಯಿತು. ಅದರಿಂದ ಮತ್ತಷ್ಟು ಆದೇಶಗಳು ಎದ್ದವು. ಹೀಗೆ ಸುಮಾರು 800 ಆದೇಶಗಳು ಒಂದರ ಮೇಲೊಂದು ಬಿದ್ದು, ಕ್ಷಣಮಾತ್ರದಲ್ಲಿ ಬೆಲೆ 10 ಸೆಂಟಿಗೆ ಬಂದು ನಿಂತಿತು! ಧ್ವನಿವರ್ಧಕದ ಮುಂದೆ ಮೈಕ್ ಹಿಡಿದಾಗ ಕಿರುಚುವ ಸದ್ದು ಹೇಗೆ ತನ್ನನ್ನು ತಾನೇ ಬೆಳೆಸಿಕೊಳ್ಳುವುದೋ ಹಾಗೆಯೇ ಇದು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಕೇಂದ್ರವು ಬಳಿಕ ಗ್ರಾಹಕರ ನಷ್ಟವನ್ನು ತುಂಬಿಕೊಟ್ಟಿತು. ಎಲ್ಲ ಕೇಂದ್ರಗಳೂ ಹಾಗೆ ಮಾಡುವುವೆಂದು ನಂಬಲಾಗದು.

ಇವೆಲ್ಲ ಅನನುಭವಿಗಳ ಕಷ್ಟ, ಪಳಗಿದವರಿಗೆ ಹೀಗಾಗದು ಎಂದು ಯಾರಾದರೂ ಹೇಳಿಯಾರು. ಅಂಥವರಿಗೆ ನಾವು ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವ್ಯಾಪಾರ ಸಂಸ್ಥೆಯ ಕಥೆಯನ್ನು ನೆನಪಿಸುತ್ತೇವೆ. ಅದರ ಬಳಿ ಆದೇಶಗಳನ್ನು ಕಳುಹಿಸುವ ಎಂಟು ಸರ್ವರುಗಳಿದ್ದವು. ಹೊಸ ತಂತ್ರಾಂಶವನ್ನು ಏಳರಲ್ಲಿ ನೆಲೆಗೊಳಿಸಿದ ಕೆಲಸಗಾರರು ಎಂಟನೆಯದನ್ನು ಮರೆತರು. ಅದರಲ್ಲಿ ವರ್ಷಗಳಿಂದ ಬಳಸದೆ ಬಿಟ್ಟಿದ್ದ ಹಳೆಯ ಸಂಕೇತವೊಂದು ಉಳಿದಿತ್ತು. ಹೊಸ ತಂತ್ರಾಂಶದ ಗುರುತು ಆ ಹಳೆಯದನ್ನು ಎಚ್ಚರಗೊಳಿಸಿತು. 2012ರ ಆಗಸ್ಟ್ 1ರ ಬೆಳಗ್ಗೆ ಪೇಟೆ ತೆರೆದ ಸುಮಾರು 45 ನಿಮಿಷಗಳಲ್ಲಿ ಆ ಒಂದು ಸರ್ವರು ಲಕ್ಷಾಂತರ ಬೇಡದ ವ್ಯಾಪಾರಗಳನ್ನು ನಡೆಸಿ, ಸಂಸ್ಥೆಗೆ 46 ಕೋಟಿ ಡಾಲರ್ ನಷ್ಟವನ್ನು ತಂದಿತು. ಪೇಟೆ ತೆರೆಯುವ ಮೊದಲೇ ಅದರ ಯಂತ್ರಗಳು 97 ಎಚ್ಚರಿಕೆಯ ಮಿಂಚಂಚೆಗಳನ್ನು ಕಳುಹಿಸಿದ್ದವು. ಯಾರೂ ಓದಿ ಕ್ರಮ ಕೈಗೊಳ್ಳಲಿಲ್ಲ. ಹೊಂದಿಸುವವನಿಗೆ ಎಷ್ಟು ಅನುಭವವಿದೆ ಎಂಬುದಕ್ಕಿಂತ, ಹೊಂದಿಸಿದುದನ್ನು ಎರಡನೆಯವರು ಪರಿಶೀಲಿಸಿದರೇ ಎಂಬುದೇ ಮುಖ್ಯ.

ಇಷ್ಟೆಲ್ಲ ಸರಿಯಾಗಿದ್ದರೂ ಇನ್ನೊಂದು ಬಲೆಯಿದೆ; ವಿಜ್ಞಾನದ ವಿದ್ಯಾರ್ಥಿಗಳು ಅದನ್ನೇ ಹೆಚ್ಚಾಗಿ ಗಮನಿಸಬೇಕು. ನಿಯಮವು ಹಿಂದಿನ ವರ್ಷಗಳ ಬೆಲೆಗಳ ಮೇಲೆ ಎಷ್ಟು ಲಾಭ ತರುತ್ತಿತ್ತೆಂದು ತಂತ್ರಾಂಶವು ಲೆಕ್ಕ ಹಾಕಿ ತೋರಿಸುತ್ತದೆ. ಲಾಭ ಕಾಣದಿದ್ದರೆ ಬಳಕೆದಾರನು ಒಂದು ಅಂಕಿಯನ್ನು ಬದಲಿಸುತ್ತಾನೆ, ಮತ್ತೆ ನೋಡುತ್ತಾನೆ. ಸಾವಿರ ಸಲ ಬದಲಿಸಿ ನೋಡುವ ಕೆಲಸವನ್ನೂ ಯಂತ್ರವೇ ಮಾಡಿಕೊಡುತ್ತದೆ. ಕೊನೆಗೆ ಭರ್ಜರಿ ಲಾಭ ತೋರಿಸುವ ಅಂಕಿಗಳು ಸಿಕ್ಕೇ ಸಿಗುತ್ತವೆ! 1,024 ವಿದ್ಯಾರ್ಥಿಗಳು ತಲಾ ಹತ್ತು ಸಲ ನಾಣ್ಯ ಚಿಮ್ಮಿದರೆ, ಅವರಲ್ಲಿ ಸರಾಸರಿ ಒಬ್ಬನಿಗೆ ಹತ್ತೂ ಸಲ ತಲೆಯೇ ಬೀಳುತ್ತದೆ. ಅವನನ್ನು ನಾಣ್ಯ ಚಿಮ್ಮುವ ಪ್ರವೀಣನೆಂದು ಕರೆದು, ಹನ್ನೊಂದನೆಯ ಸಲಕ್ಕೆ ಅವನ ಮೇಲೆ ಮನೆಯ ಶುಲ್ಕದ ಹಣವನ್ನು ಕಟ್ಟುವಿರಾ? ಹಾಗೆ ಆರಿಸಿದ ಲಾಭವು ಕನ್ನಡಿಯೊಳಗಿನ ಗಂಟು. ಬಿಂದುಗಳೆಲ್ಲವನ್ನೂ ಮುಟ್ಟುವಂತೆ ವಕ್ರರೇಖೆಯನ್ನು ಎಳೆದ ವಿದ್ಯಾರ್ಥಿಯು ನಿಯಮವನ್ನು ಕಂಡುಹಿಡಿದಿರುವುದಿಲ್ಲ. ತನ್ನ ಅಳತೆಯ ದೋಷಗಳನ್ನೇ ಚಿತ್ರಿಸಿರುತ್ತಾನೆ.

ಸಣ್ಣ ಶುಲ್ಕಗಳನ್ನೂ ಕಡೆಗಣಿಸುವಂತಿಲ್ಲ. ಕೊಳ್ಳುವಾಗ ನೂರಕ್ಕೆ 0.1, ಮಾರುವಾಗ 0.1 ಶುಲ್ಕವೆಂದು ಭಾವಿಸೋಣ. ಬಾಟು ಇಡೀ ಬಂಡವಾಳವನ್ನು ತೊಡಗಿಸಿ ದಿನಕ್ಕೆ ಹತ್ತು ಸಲ ಕೊಂಡು ಮಾರಿದರೆ ತಿಂಗಳಿಗೆ 300 ಸುತ್ತು. 0.998ನ್ನು 300 ಸಲ ಗುಣಿಸಿ ನೋಡಿರಿ, ಸುಮಾರು 0.55 ಬರುತ್ತದೆ. ಬೆಲೆಗಳು ಏರದೆ ಇಳಿಯದೆ ನಿಂತಿದ್ದರೂ ಬಂಡವಾಳದ ನೂರರಲ್ಲಿ 45 ಭಾಗ ಶುಲ್ಕಕ್ಕೇ ಹೋಗುತ್ತದೆ. ಇದರ ಮೇಲೆ ನಮ್ಮ ದೇಶದ ತೆರಿಗೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಈ ವ್ಯಾಪಾರದ ಲಾಭಕ್ಕೆ ನೂರಕ್ಕೆ 30 ತೆರಿಗೆ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. ಐದು ವ್ಯಾಪಾರಗಳಲ್ಲಿ ತಲಾ 1,000 ರೂಪಾಯಿ ಲಾಭ, ಐದರಲ್ಲಿ ತಲಾ 1,000 ನಷ್ಟವಾದವನ ಕೈಯಲ್ಲಿ ಲಾಭವೇನೂ ಇಲ್ಲ. ಆದರೂ ಅವನು 5,000ದ ಮೇಲೆ 1,500 ರೂಪಾಯಿ ತೆರಿಗೆ ತೆರಬೇಕು. ಅದೇ ವರ್ಷದ ಜುಲೈ 1ರಿಂದ, ನಿಗದಿಯಾದ ಮಿತಿಯನ್ನು ದಾಟಿದ ಮಾರಾಟಗಳಲ್ಲಿ ನೂರಕ್ಕೆ 1ರಂತೆ ಮೂಲದಲ್ಲಿಯೇ ತೆರಿಗೆ ಕಡಿತವೂ ಆರಂಭವಾಯಿತು. ಪರದೇಶದಲ್ಲಿ ಬರೆದ ಕೈಪಿಡಿಗಳಲ್ಲಿ ಈ ಅಂಕಿಗಳು ಸಿಗುವುದಿಲ್ಲ. ಕಾನ್ಫಿಗ್ ಕಡತದಲ್ಲಿ ಇವಕ್ಕೆ ಸಾಲೂ ಇಲ್ಲ.

ಹಾಗಾದರೆ ವಿದ್ಯಾರ್ಥಿಗಳು ಇದರ ಹತ್ತಿರವೂ ಸುಳಿಯಬಾರದೇ? ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರ ಮತ ಹಾಗೆಯೇ ಇದೆ. ಜೂಜಿಗೂ ಇದಕ್ಕೂ ಭೇದವಿಲ್ಲವೆಂದು ಅವರು ಹೇಳುತ್ತಾರೆ. ನಾವು ಅಷ್ಟು ದೂರ ಹೋಗಲಾರೆವು. ಜಾಲ, ಕಾಲಮಾಪನ, ಸಂಭವನೀಯತೆ, ದೋಷಗಣನೆ, ಗುಪ್ತತೆ ಇಷ್ಟು ವಿಷಯಗಳನ್ನು ಒಂದೇ ಮೇಜಿನ ಮೇಲೆ ತಂದಿಡುವ ಅಭ್ಯಾಸ ಬೇರೊಂದು ಸುಲಭವಾಗಿ ದೊರೆಯದು. ಫ್ರೆಕ್‌ಟ್ರೇಡಿನಲ್ಲಿ ‘ಡ್ರೈ ರನ್’ ಎಂಬ ಸಾಲೊಂದಿದೆ. ಅದು ಜಾರಿಯಲ್ಲಿರುವವರೆಗೆ ಬಾಟು ನಿಜವಾದ ಬೆಲೆಗಳನ್ನು ನೋಡುತ್ತ ಕಾಲ್ಪನಿಕ ಹಣದಿಂದ ವ್ಯಾಪಾರ ನಡೆಸುತ್ತದೆ. ನಾವಾಗಿ ಬದಲಿಸದಿದ್ದರೆ ತಂತ್ರಾಂಶವು ಈ ಸ್ಥಿತಿಯಲ್ಲಿಯೇ ಇರುತ್ತದೆ ಎಂಬುದು ಅದನ್ನು ರಚಿಸಿದವರ ವಿವೇಕಕ್ಕೆ ಸಾಕ್ಷಿ.

ಕಾಲೇಜುಗಳು ಈ ಡ್ರೈ ರನ್ನನ್ನೇ ಒಂದು ಪ್ರಯೋಗವಾಗಿ ನಡೆಸಬೇಕೆಂಬುದು ನಮ್ಮ ಸೂಚನೆ. ಭೌತಶಾಸ್ತ್ರ, ಗಣಕವಿಜ್ಞಾನ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳು ಕೂಡಿ ಒಂದು ದಾಖಲೆಪುಸ್ತಕ ಇಡಲಿ. ಕಾನ್ಫಿಗ್ ಕಡತದ ಪ್ರತಿಯೊಂದು ಸಾಲಿಗೂ ಅದರಲ್ಲಿ ನಾಲ್ಕು ಅಂಕಣಗಳಿರಲಿ: ಬೆಲೆ, ಏಕಮಾನ, ಆ ಬೆಲೆಯನ್ನು ಆರಿಸಿದ ಕಾರಣ, ಪರಿಶೀಲಿಸಿದವರ ಸಹಿ. ನಿಯಮವನ್ನು ಒಂದು ವರ್ಷದ ಬೆಲೆಗಳಿಂದ ರೂಪಿಸಿ, ಅದುವರೆಗೆ ನೋಡದ ಇನ್ನೊಂದು ವರ್ಷದ ಬೆಲೆಗಳ ಮೇಲೆ ಒಂದೇ ಒಂದು ಸಲ ಪರೀಕ್ಷಿಸಲಿ. ಫಲವನ್ನು ಮುಂಚೆಯೇ ಊಹಿಸಿ ಬರೆದಿಟ್ಟು, ಮೂರು ತಿಂಗಳ ಬಳಿಕ ಹೋಲಿಸಲಿ. ಕಾಲ್ಪನಿಕ ಆದೇಶವು ಪೇಟೆಯ ಬೆಲೆಯನ್ನು ಅಲುಗಿಸುವುದಿಲ್ಲವಾದುದರಿಂದ ಡ್ರೈ ರನ್ನಿನ ಫಲವೂ ವಾಸ್ತವಕ್ಕಿಂತ ಸ್ವಲ್ಪ ಹೆಚ್ಚು ಸುಂದರವಾಗಿಯೇ ಕಾಣುವುದೆಂಬುದನ್ನು ಮರೆಯದಿರಲಿ.

ನಿಜವಾದ ಹಣವಿಲ್ಲದೆ ಭಯವೂ ಇಲ್ಲ, ಭಯವಿಲ್ಲದೆ ಕಲಿಕೆಯೂ ಇಲ್ಲವೆಂದು ವಾದಿಸುವವರುಂಟು. ವಿದ್ಯುತ್ತಿನ ನಿಯಮಗಳನ್ನು ಕಲಿಯಲು ನಾವು ವಿದ್ಯಾರ್ಥಿಗಳಿಂದ ಬರಿಯ ತಂತಿಯನ್ನು ಮುಟ್ಟಿಸುವುದಿಲ್ಲ. ಅಮ್ಮೀಟರಿನ ಮುಳ್ಳನ್ನು ಓದಲು ಕಲಿಸುತ್ತೇವೆ. ಹೈಸ್ಕೂಲಿನ ವಾಚಕರಿಗಂತೂ ಈ ಪ್ರಶ್ನೆಯೇ ಏಳದು. 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ನಮ್ಮ ಕಾನೂನಿನಲ್ಲಿ ಅರ್ಹರಲ್ಲ. ಅಣ್ಣನ ಹೆಸರಿನಲ್ಲಿ ಖಾತೆ ತೆರೆಯುವ ಜಾಣತನವನ್ನು ಅವರು ಮಾಡದಿರಲಿ. ಕಾಲೇಜಿನವರು ಸ್ವಂತ ಸಂಪಾದನೆ ಬಂದ ಮೇಲೆ, ಕಳೆದುಕೊಂಡರೂ ಊಟಕ್ಕೂ ಓದಿಗೂ ಕೊರತೆಯಾಗದಷ್ಟು ಹಣವಿದ್ದರೆ, ಆಗ ಬೇಕಾದರೆ ಯೋಚಿಸಲಿ.

ನಮ್ಮ ಬಳಿ ಬಂದಿದ್ದ ಹುಡುಗನು ಉಳಿದ ಹಣವನ್ನು ಮರಳಿ ಪಡೆದು, ಕಡಿಮೆ ಬಿದ್ದುದನ್ನು ಅಕ್ಕನಿಂದ ಸಾಲ ಕೇಳಿ ಶುಲ್ಕ ಕಟ್ಟಿದನು. ಕೇಳುವಾಗ ಕಾರಣವನ್ನೂ ಮರೆಮಾಚದೆ ಹೇಳಿದನಂತೆ. ಆಮೇಲೆ ಪ್ರತಿ ಶನಿವಾರ ಪ್ರಯೋಗಶಾಲೆಗೆ ಬಂದು ಡ್ರೈ ರನ್ ನಡೆಸಿದನು. ಅವನ ದಾಖಲೆಪುಸ್ತಕವನ್ನು ನಾವು ನೋಡಿದ್ದೇವೆ. ಮೊದಲ ಪುಟದ ಮೊದಲ ಸಾಲಿನಲ್ಲಿ ನಷ್ಟದ ಮಿತಿಯಿದೆ, ಅದರ ಮುಂದೆ ಏಕಮಾನದ ಅಂಕಣದಲ್ಲಿ ‘ಅನುಪಾತ, ಶೇಕಡ ಅಲ್ಲ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಪರಿಶೀಲಿಸಿದವರ ಸಹಿಯ ಜಾಗದಲ್ಲಿ ನಾವು ಸಹಿ ಹಾಕಿದೆವು.